ಮರಿಬಸಪ್ಪನವರ ಮೈದಾನಕ್ಕೆ ಜನ ಬಂದದ್ದು

ಬ್ರೂಸ್‌ಪೇಟೆ ಯಂಗ್‌ಮೆನ್ ಫುಟ್‌ಬಾಲ್ ಕ್ಲಬ್ಬಿನ ಆಟ ನೋಡಲು ಒಂದು ಕಾಲದಲ್ಲಿ ಬಳ್ಳಾರಿಯ ಜನ ಬೇವಿನ ಮರ ಹತ್ತಿ ಕೂರುತ್ತಿದ್ದರು. ಈಗ ಆ ಮರವೂ ಇಲ್ಲ, ಆ ಜನವೂ ಇಲ್ಲ. ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಜನ ಅದಿರಿನ ಹಿಂದೆ ಹೋದರು.

ಹೋಗದೆ ಏನು ಮಾಡಿಯಾರು ಹೇಳಿ. ಕೆಂಪು ಮಣ್ಣನ್ನು ಲಾರಿಗೆ ತುಂಬಿ ಕಳಿಸಿದರೆ ಚೀನಾದವರು ಕೊಳ್ಳುತ್ತಾರೆ ಎಂದು ಗೊತ್ತಾದ ದಿನದಿಂದ ಊರಿಗೆ ಊರೇ ಗುಡ್ಡದ ಕಡೆ ಮುಖ ಮಾಡಿ ನಿಂತಿತ್ತು. ಕ್ಲಬ್ಬಿನ ಗೋಲ್‌ಕೀಪರ್ ಶಕೀಲ್ ಲಾರಿ ತೂಗುವ ಕಾಟಾದಲ್ಲಿ ಕೆಲಸಕ್ಕೆ ಸೇರಿದ. ಗೋಲು ಹೊಡೆಯುವುದಕ್ಕೇ ಹುಟ್ಟಿದವನು ಎಂದು ಹೆಸರಾಗಿದ್ದ ಆಸಿಂ ಟಿಪ್ಪರ್ ಓಡಿಸತೊಡಗಿದ. ಇಬ್ಬರೂ ಭಾನುವಾರ ಬಿಡುವಿದ್ದರೆ ಆಡುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಹೋದ ತಿಂಗಳ ಪಂದ್ಯಕ್ಕೆ ಆಡುವವರು ಇಪ್ಪತ್ತೊಂದು ಜನ, ನೋಡುವವರು ಒಂಬತ್ತು. ಆ ಒಂಬತ್ತರಲ್ಲಿ ಒಂದು ಎಮ್ಮೆ. ಎಮ್ಮೆಯನ್ನು ಪ್ರೇಕ್ಷಕರ ಲೆಕ್ಕಕ್ಕೆ ಹಿಡಿದದ್ದು ತಪ್ಪೆಂದು ಕೆಲವರು ಗೊಣಗಿದಾಗ, ಕ್ಲಬ್ಬಿನ ಸೆಕ್ರೆಟರಿ ಮರಿಬಸಪ್ಪನವರು, "ಕೊನೀ ತನಕ ಕುಂತು ನೋಡಿದ್ದು ಅದೊಂದ ಐತಿ. ಅದನ್ನ ಬಿಟ್ಟು ಮಿಕ್ಕಿದ ಎಂಟ ಮಂದೀನ ತಗೀರಿ ಬೇಕಾದ್ರ," ಎಂದು ಬಾಯಿ ಮುಚ್ಚಿಸಿದ್ದರು.

ಮರಿಬಸಪ್ಪನವರಿಗೆ ಬ್ರೂಸ್‌ಪೇಟೆಯಲ್ಲಿ ತಾಡಪತ್ರಿ ಅಂಗಡಿ. ಅದಿರು ಲಾರಿಗೆ ಮೇಲೆ ಹೊದಿಕೆ ಬೇಕೇ ಬೇಕಾದ್ದರಿಂದ ವ್ಯಾಪಾರ ಜೋರಾಗಿತ್ತು. ಆದರೆ ಅವರ ಜೀವ ಇದ್ದದ್ದು ಅಂಗಡಿಯಲ್ಲಲ್ಲ, ಮೈದಾನದಲ್ಲಿ. ಇಪ್ಪತ್ತೆರಡು ವರ್ಷದಿಂದ ಸೆಕ್ರೆಟರಿ. ತಾವು ಒಂದು ದಿನವೂ ಚೆಂಡು ಒದ್ದವರಲ್ಲ. ಒದ್ದವರಿಗೆ ಹೇಗೆ ಒದೆಯಬೇಕಿತ್ತು ಎಂದು ಹೇಳುವುದರಲ್ಲಿ ಮಾತ್ರ ಅವರನ್ನು ಮೀರಿಸಿದವರಿಲ್ಲ.

ಇಂಥವರಿಗೆ ಒಂದು ಬುಧವಾರ ಕಚೇರಿಯೊಂದರಿಂದ ಕಾಗದ ಬಂತು. ಯಾವ ಕಚೇರಿ ಎಂಬುದು ಇಲ್ಲಿ ಬೇಡ. ನಮಗೂ ಅಲ್ಲಿ ಕೆಲಸ ಬೀಳುತ್ತಿರುತ್ತದೆ. ಬರುವ ಭಾನುವಾರದ ಪಂದ್ಯಕ್ಕೆ ಕನಿಷ್ಠ ಐನೂರು ಜನ ಸೇರದಿದ್ದಲ್ಲಿ, ಸದರಿ ಮೈದಾನ ಸಾರ್ವಜನಿಕರಿಗೆ ಉಪಯೋಗವಿಲ್ಲದ್ದೆಂದು ತಿಳಿದು, ಅದಿರು ಲಾರಿಗಳ ನಿಲುಗಡೆಗೆ ಬಿಟ್ಟುಕೊಡಲಾಗುವುದು. ಎಣಿಸಲು ಅಧಿಕಾರಿಯೊಬ್ಬರು ಖುದ್ದಾಗಿ ಬರುವರು. ಹೀಗಿತ್ತು ಕಾಗದ.

ಮರಿಬಸಪ್ಪನವರು ಅದನ್ನು ಮನೆಯಲ್ಲಿ ಓದಿ ಹೇಳಿದಾಗ ಹೆಂಡತಿ ದಾಕ್ಷಾಯಣಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಐನೂರು ಮಂದಿ ಎಲ್ಲಿಂದ ತರ್ತೀರಿ? ನಮ್ಮ ಮದಿವಿಗೇ ಅಷ್ಟು ಮಂದಿ ಬಂದಿದ್ದಿಲ್ಲ. ಅಲ್ಲಿ ಊಟಾನೂ ಇತ್ತು."

ಈ ಮಾತು ಮರಿಬಸಪ್ಪನವರಿಗೆ ಚುರುಕ್ ಎಂದಿತು. "ಐನೂರಾ? ಏ, ಐದು ಸಾವಿರ ತರ್ತೀನಿ. ನೋಡಾಕತ್ತಿರು," ಎಂದುಬಿಟ್ಟರು.

ಆಡಿದ ಮಾತು, ಒಡೆದ ಮುತ್ತು. ಮರುದಿನವೇ ಅಂಗಡಿ ಆಳಿನ ಮೇಲೆ ಬಿಟ್ಟು, ಎರಡು ಸಾವಿರ ಕರಪತ್ರ ಅಚ್ಚು ಹಾಕಿಸಿಕೊಂಡು ಬಸ್ಸು ಹತ್ತಿದರು. ಸಿರುಗುಪ್ಪದಲ್ಲಿ ಎದುರಾಳಿ ತಂಡದ ಕ್ಯಾಪ್ಟನ್ ಪಕ್ಕೀರಪ್ಪ ಭತ್ತದ ಮಿಲ್ಲಿನಲ್ಲಿ ಚೀಲ ಹೊಲಿಯುತ್ತಿದ್ದ. "ಹನ್ನೊಂದು ಮಂದಿ ಗ್ಯಾರಂಟಿ ಕೊಡಂಗಿಲ್ಲ ಸೌಕಾರ್ರ. ಎಂಟು ಮಂದಿ ತರ್ತೀನಿ, ಮೂರು ಮಂದಿ ಅಲ್ಲೇ ಹಿಡಕೋಣು," ಎಂದ. ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಕರಪತ್ರ ಹಂಚಿದರು. ಜನ ಎರಡೂ ಕೈಯಲ್ಲಿ ಇಸಿದುಕೊಂಡರು. ಇಷ್ಟು ಅಭಿಮಾನವೇ ಎಂದು ಮರಿಬಸಪ್ಪನವರು ಹಿಗ್ಗಿ ತಿರುಗಿ ನೋಡಿದರೆ, ಎದುರಿನ ಬಂಡಿಯಲ್ಲಿ ಅದೇ ಕರಪತ್ರದ ಮೇಲೆ ಒಗ್ಗರಣಿ-ಮಿರ್ಚಿ ಇಟ್ಟುಕೊಂಡು ತಿನ್ನುತ್ತಿದ್ದರು.

ಶನಿವಾರ ಮಧ್ಯಾಹ್ನ ಅವರು ಮೈದಾನಕ್ಕೆ ಬಂದು ಹೈದರಸಾಬರನ್ನು ಕರೆದರು. ಹೈದರಸಾಬರು ಮೈದಾನ ನೋಡಿಕೊಳ್ಳುವ ಮುದುಕರು. ನೋಡಿಕೊಳ್ಳಲು ಅಲ್ಲಿ ಏನೂ ಉಳಿದಿಲ್ಲವಾದರೂ ದಿನಾ ಬಂದು ನೋಡಿಕೊಳ್ಳುತ್ತಿದ್ದರು.

"ಹೈದರ್ ಚಾಚಾ, ನಾಳಿಗೆ ಸಾಹೇಬ್ರು ಬರ್ತಾರ. ಗೆರಿ ಗೆರಿ ಹೊಡದು ಮೈದಾನ ಮದುಮಗನಂಗ ಕಾಣಬೇಕು ನೋಡ್ರಿ."

"ಮೂರು ವರ್ಷ ಆತು ಸೌಕಾರ್ರ ಸುಣ್ಣ ಮುಟ್ಟಿ. ಮೊದಲು ನಡುಕಿನ ಗುಂಡು ಹೊಡೀತೀನಿ, ಆಮ್ಯಾಲೆ ಉಳಿದಿದ್ದು," ಎಂದರು ಹೈದರಸಾಬರು.

ನಡುವೆ ಗೂಟ ನೆಟ್ಟು, ಹತ್ತು ಗಜದ ಹಗ್ಗ ಕಟ್ಟಿ, ಸುತ್ತಲೂ ಸುಣ್ಣ ಬಿಡುತ್ತ ಬಂದರು. ಮೂರು ವರ್ಷದ ಆಸೆ, ಕೈ ಧಾರಾಳವಾಯಿತು. ಒಂದು ಸುತ್ತು ತೆಳುವಾಯಿತೆಂದು ಎರಡನೆಯ ಸುತ್ತು ಬಂದರು, ಸೊಟ್ಟಗಾಯಿತೆಂದು ಮೂರನೆಯ ಸುತ್ತು ಬಂದರು. ಮೂರನೆಯ ಸುತ್ತು ಮುಗಿಯುವಾಗ ಸುಣ್ಣವೂ ಮುಗಿಯಿತು. ಮೈದಾನದ ನಟ್ಟನಡುವೆ ಗೇಣಗಲ ಗೆರೆಯ ಬಿಳಿ ಗುಂಡು ಬಿಟ್ಟರೆ ಬೇರೆ ಒಂದು ಗೆರೆಯೂ ಇಲ್ಲ. ಸಂಜೆ ಮರಿಬಸಪ್ಪನವರು ಕೆಂಪು ಧೂಳು ಏಳಬಾರದೆಂದು ಒಂದು ಟ್ಯಾಂಕರ್ ನೀರು ತರಿಸಿ ಅದರ ಸುತ್ತ ಹೊಡೆಸಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕಾಲದ ಬಳ್ಳಾರಿ ಸೀಮೆಯಲ್ಲಿ ಬಯಲಿನ ನಡುವೆ ದುಂಡಗೆ ಸುಣ್ಣ ಬಿದ್ದು, ಸುತ್ತ ನೀರು ಹೊಡೆದರೆ ಅದರ ಅರ್ಥ ಒಂದೇ: ಹೆಲಿಕಾಪ್ಟರ್ ಇಳಿಯುತ್ತದೆ. ಗಣಿ ಧಣಿಗಳು ಮದುವೆಗೆ ಬರುವುದೂ ಹಾಗೇ, ಮುಂಜಿಗೆ ಬರುವುದೂ ಹಾಗೇ. ತೊಟ್ಟಿಲ ಕೂಸಿಗೂ ಇದು ಗೊತ್ತು. ಮರಿಬಸಪ್ಪನವರಿಗೂ ಗೊತ್ತಿತ್ತು. ಆದರೆ ಇಪ್ಪತ್ತೆರಡು ವರ್ಷ ಸೆಂಟರ್ ಸರ್ಕಲ್ ಅಂತಲೇ ನೋಡಿದ ಕಣ್ಣಿಗೆ ಅದು ಸೆಂಟರ್ ಸರ್ಕಲ್ಲಾಗಿಯೇ ಕಂಡಿತು.

ಮೈದಾನದ ಮೂಲೆಯಲ್ಲಿ ಮಿರ್ಚಿ ಬಂಡಿ ಇಟ್ಟಿದ್ದ ಕೊಟ್ರಬಸಮ್ಮನಿಗೆ ಹಾಗೆ ಕಾಣಲಿಲ್ಲ. "ಚಾಚಾ, ಯಾರು ಬರ್ತಾರ?" ಎಂದು ಕೇಳಿದಳು.

"ಯಾರೋ ದೊಡ್ಡ ಸಾಹೇಬ್ರಂತವ್ವ. ನಾಕು ಗಂಟೆಕ್ಕ," ಎಂದರು ಹೈದರಸಾಬರು. ಅವರು ಎಣಿಸುವ ಅಧಿಕಾರಿಯ ಮಾತು ಹೇಳಿದ್ದರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಸುದ್ದಿ ಮೋಕ ಮುಟ್ಟುವಾಗ ಹೆಲಿಕಾಪ್ಟರ್ ಒಂದಿತ್ತು. ಕುರುಗೋಡು ಮುಟ್ಟುವಾಗ ಎರಡಾದವು. ಸಿರುಗುಪ್ಪಕ್ಕೆ ಹೋಗುವಷ್ಟರಲ್ಲಿ ಮೂರಾಗಿ, ಮೂರನೆಯದರಿಂದ ಸೀರೆ ಎಸೆಯುತ್ತಾರೆ ಎಂದಾಗಿತ್ತು.

ಭಾನುವಾರ ಎರಡು ಗಂಟೆಗೆ ಮರಿಬಸಪ್ಪನವರು ನೀಲಿ ಕೋಟು ಹಾಕಿಕೊಂಡು, ಬಂದರೆ ಐನೂರು ಬರಲಿ, ಬಾರದಿದ್ದರೆ ಭೂಮಿ ಬಾಯಿಬಿಡಲಿ ಎಂದುಕೊಳ್ಳುತ್ತ ಮೈದಾನದ ತಿರುವಿಗೆ ಬಂದರು. ಬಂದವರು ಅಲ್ಲೇ ನಿಂತುಬಿಟ್ಟರು. ಟ್ರ್ಯಾಕ್ಟರುಗಳೇನು, ಟಂಟಂಗಳೇನು, ಟೆರೇಸಿನ ಮೇಲೆ ಹೆಂಗಸರೇನು, ಕಾಂಪೌಂಡಿನ ಮೇಲೆ ಗಂಡಸರೇನು! ಬಾದನಹಟ್ಟಿಯ ಜನ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಸೆಕ್ರೆಟರಿಯವರ ಕಣ್ಣಲ್ಲಿ ಬಳಬಳ ನೀರು ಬಂತು. ಕರಪತ್ರದಲ್ಲಿ ತಾವು ಬರೆದಿದ್ದ "ಅಭಿಮಾನಿಗಳೇ, ಎಚ್ಚರಗೊಳ್ಳಿರಿ" ಎಂಬ ಸಾಲಿಗೆ ಇಷ್ಟು ಶಕ್ತಿ ಇದೆಯೆಂದು ಅವರಿಗೇ ಗೊತ್ತಿರಲಿಲ್ಲ.

ಬುತ್ತಿ ಬಿಚ್ಚಿ ಕೂತಿದ್ದ ಬಾದನಹಟ್ಟಿಯ ದುರುಗಪ್ಪ ಅವರ ಕೋಟು ನೋಡಿ ಎದ್ದು ಕೈಮುಗಿದ. "ಸಾಹೇಬ್ರ, ಎಷ್ಟೊತ್ತಿಗ್ರಿ?"

"ಸರಿಯಾಗಿ ನಾಕಕ್ಕ."

"ಒಟ್ಟು ಎಷ್ಟು ಮಂದಿ ಬರ್ತಾರ್ರಿ?"

"ಒಂದೊಂದರಾಗ ಹನ್ನೊಂದು ಮಂದಿ."

"ಯಪ್ಪಾ! ಹನ್ನೊಂದು ಮಂದಿ ಹಿಡಸ್ತಾರ?" ದುರುಗಪ್ಪ ಗಲ್ಲಕ್ಕೆ ಕೈ ಹಚ್ಚಿದ. "ಎಷ್ಟೊತ್ತು ಇರ್ತಾವ್ರಿ?"

"ಒಂದೂವರಿ ತಾಸು. ನಡುವ ಸ್ವಲ್ಪ ಬಿಡುವು."

"ಎಣ್ಣಿ ಹಾಕ್ಕೊಳ್ಳಾಕ ಇರಬೇಕು," ಎಂದು ದುರುಗಪ್ಪ ಪಕ್ಕದವನಿಗೆ ಹೇಳಿದ. ಹಳ್ಳಿಯ ಮುಗ್ಧ ಮನುಷ್ಯ, ಆಟಗಾರರ ಕಾಲು ನೀವುವ ಎಣ್ಣೆಯ ಬಗ್ಗೆಯೂ ಇಷ್ಟು ತಿಳಿದುಕೊಂಡಿದ್ದಾನಲ್ಲ ಎಂದು ಮರಿಬಸಪ್ಪನವರಿಗೆ ಹೃದಯ ತುಂಬಿ ಬಂತು.

ಅಷ್ಟರಲ್ಲಿ ಬೆಂಕಿ ಆರಿಸುವ ಗಾಡಿಯೂ ಬಂದು ನಿಂತಿತು. ಅದನ್ನು ಕರೆದವರು ಯಾರೂ ಇರಲಿಲ್ಲ. ಮೇಲಿನವರು ಹೇಳಿರಬೇಕೆಂದು ಕೆಳಗಿನವರು, ಇನ್ನೂ ಮೇಲಿನವರು ಹೇಳಿರಬೇಕೆಂದು ಮೇಲಿನವರು ಸುಮ್ಮನಿದ್ದರು. ದಫೇದಾರ ಎರ್ರಣ್ಣ ನಾಲ್ಕು ಜನ ಪೊಲೀಸರನ್ನು ಸುಣ್ಣದ ಗುಂಡಿನ ಸುತ್ತ ನಿಲ್ಲಿಸಿ ಹಗ್ಗ ಕಟ್ಟಿಸುತ್ತಿದ್ದ. ಸೆಂಟರ್ ಸರ್ಕಲ್ಲಿಗೆ ಪೊಲೀಸ್ ಕಾವಲು! ಇಂಥ ಗೌರವ ಯಾವ ದೇಶದ ಫುಟ್‌ಬಾಲಿಗೆ ಸಿಕ್ಕಿದೆ ಎಂದುಕೊಂಡು ಮರಿಬಸಪ್ಪನವರು ಮೈಕ್ ಹಿಡಿದರು.

"ಮಹಾಜನರೇ! ನೀವು ನಮ್ಮನ್ನ ಮರ್ತೀರಿ ಅಂತ ತಿಳಿದಿದ್ದೆ. ತಪ್ಪಾತು, ಹೊಟ್ಟಿಗಿ ಹಾಕ್ಕೋರಿ. ಇನ್ನ ಸ್ವಲ್ಪ ಹೊತ್ತಿನಾಗ ನೀವು ಕಾಯಾಕತ್ತಿದ್ದು ನಿಮ್ಮ ಕಣ್ಣ ಮುಂದ ಇರತೈತಿ!"

ಎಂಟು ಸಾವಿರ ಜನ ಓ ಎಂದು ಕೂಗಿ ಶಿಳ್ಳೆ ಹೊಡೆದರು. ಮತ್ತು ಎಲ್ಲರೂ ಒಟ್ಟಿಗೆ ಆಕಾಶ ನೋಡಿದರು. ದೇವರನ್ನು ನೆನೆಯುತ್ತಿದ್ದಾರೆ ಎಂದು ಸೆಕ್ರೆಟರಿಯವರೂ ಮೇಲೆ ನೋಡಿ ಕೈಮುಗಿದರು.

ಮೈಕ್ ಇಟ್ಟು ತಿರುಗಿದಾಗ ಎದುರಿಗೆ ಯಾರು? ದಾಕ್ಷಾಯಣಮ್ಮ! ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಈ ಕಡೆ ಕಾಲಿಡದವರು ಇಳಕಲ್ ಸೀರೆ ಉಟ್ಟು, ತಂಗಿ ಅಂಜನಾಳನ್ನೂ ಅತ್ತಿಗೆ ಹಂಪಮ್ಮನನ್ನೂ ಕರೆದುಕೊಂಡು ಬಂದಿದ್ದರು.

"ದಾಕ್ಷಾಯಣಿ, ನೀನೂ ಬಂದಿ?"

"ಬರದೇ ಏನ್ರಿ? ಮನಿ ಗಂಡಸು ಹೆಲಿಕಾಪ್ಟರ್ ತರಸಾಕತ್ತಾನಂತ ಓಣಿ ಮಂದಿ ಬಂದು ಹೇಳಿದ ಮ್ಯಾಲೆ ನನಗ ಗೊತ್ತಾತು. ನನಗೊಂದು ಮಾತು ಹೇಳಬಾರದಿತ್ತ? ಎಲ್ಲಿ ನಿಂತ್ರ ಚಂದ ಕಾಣತೈತಿ, ಅದರ ಹೇಳ್ರಿ."

"ಯಾವ ಹೆಲಿಕಾಪ್ಟರ್?"

ದಾಕ್ಷಾಯಣಮ್ಮ ಬಿಳಿ ಗುಂಡಿನ ಕಡೆ ಕೈ ತೋರಿಸಿದರು. ಮರಿಬಸಪ್ಪನವರು ಅದನ್ನು ನೋಡಿದರು. ಜೀವನದಲ್ಲಿ ಮೊದಲ ಸಲ ಅದು ಅವರಿಗೆ ಸೆಂಟರ್ ಸರ್ಕಲ್ಲಾಗಿ ಕಾಣಲಿಲ್ಲ.

"ಏ, ಅದು ಚೆಂಡಿಡೋ ಜಾಗ! ಹೆಲಿಕಾಪ್ಟರೂ ಇಲ್ಲ, ಗಿಲಿಕಾಪ್ಟರೂ ಇಲ್ಲ!" ಎಂದು ಪಿಸುಗುಟ್ಟಿದರು.

"ಅಯ್ಯ ನನ ಶಿವನ! ಹಂಗಾರ ಮೈಕಿನಾಗ ಹೇಳಿ ಮಂದೀನ ಕಳಸ್ರಿ."

"ಕಳಿಸಿದ್ರ ಉಳಿಯೋದು ಒಂಬತ್ತು! ನಾಳಿಗೆ ಇಲ್ಲಿ ಲಾರಿ ನಿಲ್ತಾವ. ಎಣಿಕಿ ಮುಗಿಯೋ ತನಕ ತುಟಿ ಪಿಟಕ್ ಅನಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ."

ಎಣಿಸುವವರು ಆಗಲೇ ಬಂದಿದ್ದರು. ಗವಿಸಿದ್ದೇಶ್ ಎಂಬ ಹೊಸ ಅಧಿಕಾರಿ. ಒಂದು ಕೈಯಲ್ಲಿ ಪ್ಯಾಡು, ಇನ್ನೊಂದು ಕೈಯಲ್ಲಿ ಹೆಲಿಕಾಪ್ಟರ್ ಫೋಟೊ ತೆಗೆಯಲು ಕ್ಯಾಮೆರಾ. ಆದರೆ ಕಚೇರಿಯ ಕಾಗದದಲ್ಲಿ ಪಂದ್ಯ ಎಂದಿತ್ತು. ಪಂದ್ಯ ನಡೆಯದೆ ಎಣಿಸುವಂತಿರಲಿಲ್ಲ. ಪಂದ್ಯ ಆಡಲು ಎರ್ರಣ್ಣ ಬಿಡುವಂತಿರಲಿಲ್ಲ.

"ಯಾರಲೇ ಅವರು ಚಡ್ಡಿ ಹಾಕ್ಕೊಂಡು ಒಳಗ ಬಂದೋರು? ಹೊರಗ ನಡೀರಿ!" ಎಂದು ಎರ್ರಣ್ಣ ಎರಡೂ ತಂಡಗಳನ್ನು ಲಾಠಿ ಎತ್ತಿ ಅಟ್ಟುತ್ತಿದ್ದ. ಶಕೀಲ್ ಕೈಗವಸು ಹಾಕಿಕೊಂಡು, "ಸಾರ್, ನಾನು ಗೋಲ್‌ಕೀಪರ್!" ಎಂದರೆ, "ಕೀಪರ್ ಆದ್ರ ನಾನೂ ಕೀಪರ್ ಅಲ್ಲೇನಲೇ, ಆಗಿನಿಂದ ಕಾಯಾಕತ್ತಿಲ್ಲ?" ಎಂಬ ಉತ್ತರ.

ಮರಿಬಸಪ್ಪನವರು ಜೀವಮಾನದಲ್ಲಿ ಹೇಳದಂಥ ಸುಳ್ಳು ಆ ಹೊತ್ತಿನಲ್ಲಿ ಅವರ ಬಾಯಿಗೆ ಬಂತು. ಎರ್ರಣ್ಣನ ಹೆಗಲ ಮೇಲೆ ಕೈ ಹಾಕಿ ಬದಿಗೆ ಕರೆದುಕೊಂಡು ಹೋದರು.

"ದಫೇದಾರ್ರ, ನೀರು ಹೊಡದು ನೆಲ ಮೆತ್ತಗಾಗೈತಿ. ಅಷ್ಟು ಭಾರದ್ದು ಬಂದು ಕುಂತ್ರ ಗಾಲಿ ಹೂತು ಹೋಗತಾವ. ಆಮ್ಯಾಲೆ ಯಾರನ್ನ ಕೇಳ್ತಾರ? ನಿಮ್ಮನ್ನ! ಅದಕ್ಕ ಇಪ್ಪತ್ತೆರಡು ಮಂದಿ ಒಂದೂವರಿ ತಾಸು ಓಡಾಡಿ ನೆಲ ತುಳೀಬೇಕಂತ ಹೇಳ್ಯಾರ."

"ರೋಲರ್ ತರಸಬೇಕಿತ್ತಲ್ರಿ?"

"ರೋಲರೆಲ್ಲಾ ಗುಡ್ಡದಾಗ ಅದಾವು."

ಇದು ನಂಬುವ ಮಾತಾಗಿತ್ತು. ಎರ್ರಣ್ಣ ಯೋಚಿಸಿ, "ಆ ಚೆಂಡು ಯಾಕ?" ಎಂದ.

"ಚೆಂಡಿಲ್ಲದ ಸುಮ್ಮನ ಓಡ್ರಿ ಅಂದ್ರ ಯಾರು ಓಡ್ತಾರ, ನೀವ ಹೇಳ್ರಿ?"

ಎರ್ರಣ್ಣ ತಾನೇ ಹಗ್ಗ ಬಿಚ್ಚಿಸಿದ. ಅಷ್ಟೇ ಅಲ್ಲ, ಮೈಕಿನಲ್ಲಿ, "ಮಂದಿ ಯಾರೂ ಒಳಗ ಬರಬಾರದು. ನೆಲ ತುಳಿಯೋ ಕೆಲಸ ನಡದೈತಿ," ಎಂದು ಸಾರಿಯೂ ಬಿಟ್ಟ. ಹೀಗೆ ಬ್ರೂಸ್‌ಪೇಟೆ ಮತ್ತು ಸಿರುಗುಪ್ಪ ತಂಡಗಳ ಪಂದ್ಯ ಸರ್ಕಾರಿ ಕೆಲಸವಾಗಿ ಶುರುವಾಯಿತು.

ಮೊದಲ ಹತ್ತು ನಿಮಿಷ ಜನ ಮೇಲೆ ನೋಡುತ್ತ ಕೂತಿದ್ದರು. ಆದರೆ ಎಷ್ಟು ಹೊತ್ತು ಮೇಲೆ ನೋಡಿಯಾರು? ಕುತ್ತಿಗೆ ನೋಯುತ್ತದೆ. ಕೆಳಗೆ ನೋಡಿದರು. ಆಸಿಂ ಟಿಪ್ಪರ್ ತಿರುಗಿಸಿದಂತೆಯೇ ಮೂರು ಜನರನ್ನು ಸುತ್ತಿ ಹೋಗಿ ಗೋಲಿಗೆ ಒದ್ದ. ಚೆಂಡು ಕಂಬಕ್ಕೆ ಬಡಿಯಿತು. "ಅಯ್ಯಯ್ಯೋ, ಹೋತಲ್ಲಲೇ!" ಎಂದು ಯಾರೋ ಕೂಗಿದರು. ಕೂಗಿದವನು ದುರುಗಪ್ಪ. ಸಿರುಗುಪ್ಪದವರು ಒಂದು ಗೋಲು ಹೊಡೆದಾಗ ತಮ್ಮ ಊರಿನ ಕಡೆಯವರೆಂದು ಒಂದು ಟ್ರ್ಯಾಕ್ಟರ್ ಜನ ಕುಣಿದರು. ಅದನ್ನು ನೋಡಿ ಬಳ್ಳಾರಿಯವರಿಗೆ ಹೊಟ್ಟೆ ಉರಿಯಿತು. ಬ್ರೂಸ್‌ಪೇಟೆ ಗೋಲು ಮರಳಿಸಿದಾಗ ಕೊಟ್ರಬಸಮ್ಮ ಮಿರ್ಚಿ ಬಾಣಲೆ ಬಿಟ್ಟು ಓಡಿ ಬಂದಳು. ಎರ್ರಣ್ಣ ಶಿಸ್ತು ಮರೆತು ಲಾಠಿಯಿಂದ ನೆಲ ಕುಟ್ಟುತ್ತಿದ್ದ.

ಮರಿಬಸಪ್ಪನವರು ಆಟ ನೋಡಲಿಲ್ಲ, ಜನರನ್ನು ನೋಡಿದರು. ಎಂಟು ಸಾವಿರ ಮುಖಗಳು ಚೆಂಡು ಹೋದ ಕಡೆ ಹೋಗುತ್ತಿದ್ದವು, ಬಂದ ಕಡೆ ಬರುತ್ತಿದ್ದವು. ಇದನ್ನೇ ಅಲ್ಲವೇ ತಾನು ಇಷ್ಟು ವರ್ಷ ಬೇಡಿಕೊಂಡದ್ದು? ಇವರು ಯಾತಕ್ಕೆ ಬಂದರೇನು, ಈಗ ಇಲ್ಲಿದ್ದಾರೆ. ಹೆಲಿಕಾಪ್ಟರ್ ಎಂಬುದೊಂದು ಲೋಕದಲ್ಲಿ ಇದೆಯೆಂಬುದೇ ಮರೆತುಹೋಗಿದೆ. ಅವರಿಗೆ ಅಳುವಷ್ಟು ಸಂತೋಷವಾಯಿತು.

ಒಂದಕ್ಕೆ ಒಂದು ಸಮ. ಇನ್ನು ಐದೇ ನಿಮಿಷ. ಆಸಿಂ ಚೆಂಡು ತೆಗೆದುಕೊಂಡು ಒಬ್ಬನನ್ನು ದಾಟಿದ, ಇಬ್ಬರನ್ನು ದಾಟಿದ. ಜನವೆಲ್ಲ ಎದ್ದು ನಿಂತರು. ಆಗ ಮೂಡಣದಿಂದ ಟಪಟಪಟಪ ಎಂದು ಸದ್ದಾಯಿತು.

ಯಾವುದೋ ಧಣಿಯದು. ಸಂಡೂರಿನ ಗುಡ್ಡದ ಕಡೆ ತನ್ನ ಪಾಡಿಗೆ ಹೊರಟಿದ್ದ ಹೆಲಿಕಾಪ್ಟರ್, ಮೈದಾನದ ಮೇಲೆ ಹಾದು ಹೋಯಿತು. ಎಂಟು ಸಾವಿರ ಜನ ಮೇಲೆ ನೋಡಿದರು. ಸಿರುಗುಪ್ಪದ ಗೋಲ್‌ಕೀಪರ್ ಮೇಲೆ ನೋಡಿದ. ರೆಫ್ರಿ ಪೀಪಿ ಬಾಯಲ್ಲಿಟ್ಟುಕೊಂಡೇ ಮೇಲೆ ನೋಡಿದ. ಅದು ನಿಲ್ಲದೆ ಮುಂದೆ ಹೋದದ್ದೇ ತಡ, "ಆ ಕಡಿ ಇಳೀತೈತಿ, ನಡೀರಲೇ!" ಎಂದು ಯಾರೋ ಕೂಗಿದರು. ಟ್ರ್ಯಾಕ್ಟರುಗಳು ಗುರ್ ಎಂದವು. ನಾಲ್ಕು ನಿಮಿಷದಲ್ಲಿ ಮೈದಾನ ಖಾಲಿ. ಬೆಂಕಿ ಆರಿಸುವ ಗಾಡಿಯೂ ಗಂಟೆ ಬಾರಿಸುತ್ತ ಹಿಂದೆಯೇ ಹೋಯಿತು.

ಚೆಂಡು ಸಿರುಗುಪ್ಪದವರ ಗೋಲಿನೊಳಗೆ ಬಿದ್ದಿತ್ತು.

"ನಾ ಹೊಡದದ್ದು! ಗೋಲಾಗೈತಿ!" ಎಂದು ಆಸಿಂ ಕುಣಿದ.

"ಗಾಳಿಗೆ ಉರುಳಿ ಬಂದೈತಿ," ಎಂದ ಪಕ್ಕೀರಪ್ಪ. "ಯಾರು ನೋಡ್ಯಾರ?"

ರೆಫ್ರಿ ತಾನು ನೋಡಲಿಲ್ಲವೆಂದು ಒಪ್ಪಿಕೊಂಡು, ಬಳ್ಳಾರಿ ಸೀಮೆಯಲ್ಲೇ ಫುಟ್‌ಬಾಲಿನಿಂದ ಕಣ್ಣು ಕೀಳದ ಮನುಷ್ಯ ಎಂದು ಹೆಸರಾದ ಸೆಕ್ರೆಟರಿಯವರ ಕಡೆ ತಿರುಗಿದ. "ಮರಿಬಸಪ್ಪನವರ, ನೀವು ನೋಡೀರಲ್ಲ? ನೀವು ಹೇಳಿದಂಗ."

ಮರಿಬಸಪ್ಪನವರು ನೆಲ ನೋಡುತ್ತ ನಿಂತರು. ಅವರೂ ಮೇಲೆ ನೋಡಿದ್ದರು.

ಪಂದ್ಯ ಸಮಸಮ ಎಂದಾಯಿತು. ಗವಿಸಿದ್ದೇಶ್ ಪ್ಯಾಡು ಹಿಡಿದು ಬಂದು, "ಎಂಟು ಸಾವಿರದ ನಾನೂರು ಮಂದಿ ಸಾರ್! ನಿಮ್ಮ ಮೈದಾನಕ್ಕ ಲಾರಿ ಬರೋ ಮಾತೇ ಇಲ್ಲ," ಎಂದು ಕೈ ಕುಲುಕಿದರು. ಅಷ್ಟು ಸಾಕಾಗಿತ್ತು. ಅಂದು ಮರಿಬಸಪ್ಪನವರು ಮನೆಯಲ್ಲಿ ಹೋಳಿಗೆ ಮಾಡಿಸಿದರು.

ಗವಿಸಿದ್ದೇಶ್ ಪ್ರಾಮಾಣಿಕ ಹುಡುಗ. ಎಷ್ಟು ಜನ ಬಂದಿದ್ದರೆಂದೂ ಬರೆದರು, ಯಾತಕ್ಕೆ ಬಂದಿದ್ದರೆಂದೂ ಬರೆದರು. ಮೂರು ವಾರಕ್ಕೆ ಆದೇಶ ಬಂತು. ಲಾರಿ ನಿಲುಗಡೆಯ ಪ್ರಸ್ತಾಪ ಕೈಬಿಡಲಾಗಿದೆ. ಸಾರ್ವಜನಿಕರ ಅಪಾರ ಆಸಕ್ತಿಯನ್ನು ಮನ್ನಿಸಿ ಸದರಿ ಮೈದಾನವನ್ನು ಒಂದನೆಯ ತಾರೀಖಿನಿಂದ ಕಾಯಂ ಹೆಲಿಕಾಪ್ಟರ್ ಇಳಿದಾಣವನ್ನಾಗಿ ಮಾಡಲಾಗಿದೆ. ಗೋಲು ಕಂಬಗಳು ರೆಕ್ಕೆಗೆ ತಾಗುವ ಸಂಭವವಿರುವುದರಿಂದ ಅವನ್ನು ಕ್ಲಬ್ಬಿನವರೇ ಕಿತ್ತುಕೊಳ್ಳತಕ್ಕದ್ದು. ಸುಣ್ಣದ ಗುಂಡನ್ನು ಯಾರೂ ತುಳಿಯತಕ್ಕದ್ದಲ್ಲ.

ಒಂದನೆಯ ತಾರೀಖಿಗೆ ಮುಂಚಿನ ಭಾನುವಾರ ಕಡೆಯ ಆಟ. ಕಡೆಯದೆಂದು ಎರಡೂ ತಂಡದಲ್ಲಿ ಹನ್ನೊಂದು ಹನ್ನೊಂದು ಜನ ಬಂದಿದ್ದರು. ನೋಡುವವರು ಮಾತ್ರ ಇರಲಿಲ್ಲ. ಅಷ್ಟರಲ್ಲಿ ಮೋಟರ್‌ಸೈಕಲ್ ಸದ್ದಾಯಿತು. ದುರುಗಪ್ಪ, ಹಿಂದೆ ಹೆಂಡತಿ, ಮುಂದೆ ಎರಡು ಮಕ್ಕಳು. ಕಾಲೂರಿ ನಿಂತು ಕೇಳಿದ.

"ಇವತ್ತರ ಬರ್ತೈತೇನ್ರಿ ಸಾಹೇಬ್ರ?"

ಹೌದು ಎಂದಿದ್ದರೆ ಸಾಕಿತ್ತು. ಒಂದು ಫೋನಿನಲ್ಲಿ ಬಾದನಹಟ್ಟಿ, ಕುರುಗೋಡು, ಮೋಕ ಎಲ್ಲ ಬಂದು ಕೂರುತ್ತಿದ್ದವು. ಮಾತು ನಾಲಗೆಯ ತುದಿಗೆ ಬಂದಿತ್ತು. ಮರಿಬಸಪ್ಪನವರು ನುಂಗಿಕೊಂಡರು.

"ಇಲ್ಲಪ್ಪ. ಇವತ್ತು ಬರೇ ಫುಟ್‌ಬಾಲ್ ಐತಿ. ಬಾ, ಕುಂಡ್ರು."

"ಓ, ಬರೇ ಅದಾ," ಎಂದು ದುರುಗಪ್ಪ ಗಾಡಿ ತಿರುಗಿಸಿದ. "ಬರೋ ದಿನ ಹೇಳಿ ಕಳಸ್ರಿ."

ಮರಿಬಸಪ್ಪನವರು ಮೈದಾನದ ಅಂಚಿನಲ್ಲಿ ಕುಕ್ಕರಿಸಿದರು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಚಾಪೆ ಹಾಸಿದಂತಾಯಿತು. ನೋಡಿದರೆ ದಾಕ್ಷಾಯಣಮ್ಮ, ನೂಲಿನ ಸೀರೆಯಲ್ಲಿ.

"ಹೆಲಿಕಾಪ್ಟರ್ ಬರಂಗಿಲ್ಲ," ಎಂದರು ಮರಿಬಸಪ್ಪನವರು, ಮುಖ ತಿರುಗಿಸದೆ.

"ಗೊತ್ತೈತಿ ಬಿಡ್ರಿ," ಎಂದರು ದಾಕ್ಷಾಯಣಮ್ಮ. ಸೆರಗು ಹೊದ್ದುಕೊಂಡು ಕೂತು, ಕಣ್ಣು ಕಿರಿದು ಮಾಡಿ ಸ್ವಲ್ಪ ಹೊತ್ತು ಮೈದಾನ ನೋಡಿದರು. ಆಮೇಲೆ ಕೇಳಿದರು.

"ಇವರಾಗ ನಮ್ಮೋರು ಯಾರ್ರಿ?"

ಇಪ್ಪತ್ತೆರಡು ವರ್ಷದಲ್ಲಿ ಈ ಮಾತನ್ನು ಅವರನ್ನು ಯಾರೂ ಕೇಳಿರಲಿಲ್ಲ. ಮರಿಬಸಪ್ಪನವರು ಕೈಯೆತ್ತಿ ತೋರಿಸಿದರು.